ಬೀಸುವ ಕಲ್ಲಿನ ಮಟ್ಟಿನಲ್ಲೊಂದು ಪುರಾಣ

ಶ್ರಾವಣ ಮಾಸದಲ್ಲಿ ಮಠಗಳಲ್ಲಿ ಜರುಗುವ ಪುರಾಣ ಪ್ರವಚನಕ್ಕೆ ಬಂದು ಕುಳಿತುಕೊಳ್ಳುವವರಲ್ಲಿ ತಾಯಂದಿರೇ ಅಧಿಕ. ಆದರೆ ಆ ಪುರಾಣಗಳನ್ನು ರಚಿಸಿದವರು ಪುರುಷರು. ೧೩೬೯ರಲ್ಲಿ ಬಸವಪುರಾಣವನ್ನು ಕನ್ನಡಕ್ಕೆ ತಂದ ಭೀಮಕವಿ, ಪ್ರಭುಲಿಂಗಲೀಲೆಯ ಚಾಮರಸ, ೧೫೮೪ರಲ್ಲಿ ಚೆನ್ನಬಸವಪುರಾಣವನ್ನು ಬರೆದ ವಿರೂಪಾಕ್ಷ ಪಂಡಿತ, ಎಲ್ಲರೂ ಷಟ್ಪದಿಯ ರಾಜಮಾರ್ಗದಲ್ಲಿ ನಡೆದವರು. ಹನ್ನೆರಡನೆಯ ಶತಮಾನದ ಮಾತು ಬೇರೆಯಾಗಿತ್ತು. ಅಕ್ಕಿ ಆಯುವ ಲಕ್ಕಮ್ಮ, ನೂಲು ತೆಗೆಯುವ ಕದಿರೆ ರೆಮ್ಮವ್ವೆ, ಕಸ ಗುಡಿಸುವ ಸತ್ಯಕ್ಕ ಮೊದಲಾಗಿ ಮೂವತ್ತಕ್ಕೂ ಮಿಕ್ಕ ಶರಣೆಯರು ತಮ್ಮ ಅನುಭಾವವನ್ನು ತಾವೇ ನುಡಿದರು. ಮುಂದಿನ ಶತಮಾನಗಳಲ್ಲಿ ಅದೇ ಶರಣೆಯರು ಪುರಾಣಗಳ ಪಾತ್ರಗಳಾದರು. ಪ್ರಸಿದ್ಧ ಪುರಾಣಕರ್ತೃಗಳ ಸಾಲಿನಲ್ಲಿ ಹೆಣ್ಣಿನ ಹೆಸರು ಕಾಣದಾಯಿತು. ನುಡಿದವಳು ಕೇಳುವವಳಾಗಿ ಉಳಿದಳು.

ಈ ಮೌನವನ್ನು ಮುರಿದವರು ಸೊನ್ನಲಿಗೆಯ ಜಯದೇವಿತಾಯಿ ಲಿಗಾಡೆಯವರು. ೧೯೧೨ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ತಾಯಿಯವರ ಮನೆಮಾತು ಕನ್ನಡ, ಶಾಲೆಯ ಮಾತು ಮರಾಠಿ. ಎಳೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಪಂಡಿತರ ಬಳಿ ಕುಳಿತು ಛಂದಸ್ಸು, ಅಲಂಕಾರಗಳನ್ನು ಕ್ರಮವಾಗಿ ಕಲಿಯುವುದು ಆ ಕಾಲದ ಗೃಹಿಣಿಯರ ಪಾಲಿಗೆ ಸುಲಭದ ಮಾತಾಗಿರಲಿಲ್ಲ. ಅಂಥ ಕಾಲದ ಗೃಹಿಣಿಯೊಬ್ಬರು ತಮ್ಮ ಊರಿನ ಆರಾಧ್ಯದೈವವಾದ ಶಿವಯೋಗಿ ಸಿದ್ಧರಾಮೇಶ್ವರರನ್ನು ಕುರಿತು ‘ಶ್ರೀ ಸಿದ್ಧರಾಮ ಪುರಾಣ’ವೆಂಬ ಮಹಾಕೃತಿಯನ್ನು ರಚಿಸಿದರು. ಸಿದ್ಧರಾಮರ ಚರಿತೆಯನ್ನು ಅವರಿಗಿಂತ ಮೊದಲು ಹಾಡಿದವನು ಸಾಮಾನ್ಯ ಕವಿಯಲ್ಲ, ಷಟ್ಪದಿಯನ್ನು ಕನ್ನಡದಲ್ಲಿ ನೆಲೆಗೊಳಿಸಿದ ರಾಘವಾಂಕ. ಆತನ ‘ಸಿದ್ಧರಾಮ ಚಾರಿತ್ರ’ ವಾರ್ಧಕ ಷಟ್ಪದಿಯಲ್ಲಿದೆ. ತಾಯಿಯವರು ಆರಿಸಿಕೊಂಡದ್ದು ತ್ರಿಪದಿಯನ್ನು.

ಈ ಆಯ್ಕೆಯೇ ಇಲ್ಲಿ ವಿಚಾರಾರ್ಹವಾದುದು. ತ್ರಿಪದಿಗೆ ಮೂರೇ ಸಾಲು, ಹನ್ನೊಂದೇ ಗಣ. ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮ, ಉಳಿದವು ವಿಷ್ಣು. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ಇಳಿಯುವುದು ವಾಡಿಕೆ. ಬೀಸುವ ಕಲ್ಲಿನ ಗೂಟ ಒಂದು ಸುತ್ತು ಬಂದು ಮತ್ತೆ ಕೈಗೆ ಸಿಕ್ಕಂತೆ ಈ ಮಟ್ಟು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕೋಳಿ ಕೂಗುವ ಹೊತ್ತಿಗೆ ಎದ್ದು ಜೋಳ ಬೀಸುತ್ತ ತವರನ್ನು, ತೊಟ್ಟಿಲನ್ನು, ಮಲ್ಲಯ್ಯನನ್ನು ನೆನೆದದ್ದು ಇದೇ ಮಟ್ಟಿನಲ್ಲಿ. ಹಲಸಂಗಿಯ ಗೆಳೆಯರು ಅವುಗಳನ್ನು ‘ಗರತಿಯ ಹಾಡು’ ಎಂದು ಸಂಗ್ರಹಿಸಿ ೧೯೩೧ರಲ್ಲಿ ಅಚ್ಚು ಹಾಕಿಸಿದ ಮೇಲೆಯೇ ವಿದ್ವಜ್ಜನರ ಗಮನ ಅತ್ತ ಹರಿಯಿತು. ಅಡುಗೆಮನೆಯ ಪಕ್ಕದಲ್ಲಿ ಹುಟ್ಟಿ ಅಲ್ಲಿಯೇ ಅಡಗುತ್ತಿದ್ದ ಹಾಡಿನ ಧಾಟಿಯನ್ನು ತಾಯಿಯವರು ಪುರಾಣದ ಪೀಠಕ್ಕೇರಿಸಿದರು.

ಇದು ಹೊಸ ಸಾಹಸವೆಂದು ತೋರಿದರೂ ಅದರ ಬೇರು ಶರಣರಲ್ಲಿಯೇ ಇದೆ. ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ ಈ ಜಾತಿಯದು. ಸ್ವತಃ ಸಿದ್ಧರಾಮೇಶ್ವರರೂ ವಚನಗಳ ಜೊತೆಗೆ ತ್ರಿವಿಧಿಗಳನ್ನು ರಚಿಸಿದ್ದಾರೆ. ಬಸವಣ್ಣನವರನ್ನು ಸ್ತುತಿಸಿದ ತ್ರಿವಿಧಿ ಅವುಗಳಲ್ಲೊಂದು. ಆದುದರಿಂದ ತಾಯಿಯವರು ರಾಘವಾಂಕನ ಷಟ್ಪದಿಯನ್ನು ಬಿಟ್ಟುದು ಅಶಕ್ತಿಯಿಂದಲ್ಲ. ಚರಿತನಾಯಕನ ಮಟ್ಟನ್ನೇ ಹಿಡಿದು ಆತನ ಚರಿತ್ರೆಯನ್ನು ಹೇಳಿದರೆಂದು ತಿಳಿಯುವುದು ಯುಕ್ತ.

ಕಥೆ ಹೇಳಲು ತ್ರಿಪದಿ ತಕ್ಕ ವಾಹನವೇ ಎಂಬ ಶಂಕೆ ಛಂದಸ್ಸನ್ನು ಬಲ್ಲವರಲ್ಲಿ ಏಳುವುದು ಸಹಜ. ಪ್ರತಿಯೊಂದು ಪದವೂ ತನ್ನಷ್ಟಕ್ಕೆ ಮುಗಿದುಬಿಡುತ್ತದೆ. ಸರ್ವಜ್ಞನಿಗೆ ಅದು ಒಗ್ಗಿದ್ದು ಅದಕ್ಕಾಗಿಯೇ. ನೂರಾರು ಪುಟಗಳ ಕಥಾಪ್ರವಾಹವನ್ನು ಇಂಥ ಪುಟ್ಟ ಬೊಗಸೆಯಲ್ಲಿ ಮೊಗೆದು ಮೊಗೆದು ಹರಿಸಬೇಕು. ಕಣ್ಣಿನಿಂದ ಓಡಿಸಿ ಓದುವವನಿಗೆ ಇದು ನಿಧಾನವೆನಿಸೀತು. ಆದರೆ ತಾಯಂದಿರು ಕೂಡಿ ಹಾಡುವಲ್ಲಿ ಈ ನಿಧಾನವೇ ಗುಣ. ಷಟ್ಪದಿಯ ಪುರಾಣಕ್ಕೆ ಅರ್ಥ ಹೇಳುವ ಶಾಸ್ತ್ರಿಗಳು ಬೇಕು. ತ್ರಿಪದಿಯನ್ನು ಹಾಡುವವಳೇ ಅರ್ಥ ಮಾಡಿಕೊಳ್ಳಬಲ್ಲಳು.

ಪುರಾಣದ ನಾಯಕರೂ ಈ ಕಾರ್ಯಕ್ಕೆ ಒಪ್ಪುವವರೇ. ಹೆಣ್ಣು ಮಾಯೆ ಎಂದು ಜರೆಯುವವರಿಗೆ ಸಿದ್ಧರಾಮೇಶ್ವರರು ಕೊಟ್ಟ ಉತ್ತರ ಭಕ್ತರಿಗೆ ಕಂಠಸ್ಥವಾಗಿದೆ. ಹೆಣ್ಣಿನಲ್ಲಿ ಅವರು ತಮ್ಮ ಇಷ್ಟದೈವವನ್ನೇ ಕಂಡರು. ಆ ವಚನವನ್ನು ವೇದಿಕೆಗಳಲ್ಲಿ ಉದ್ಧರಿಸುವವರು ಬಹಳ. ಅದನ್ನು ನುಡಿದವರ ಚರಿತ್ರೆಯನ್ನೇ ಹೆಣ್ಣೊಬ್ಬಳು ಬರೆದಿದ್ದಾಳೆಂಬುದನ್ನು ಸ್ಮರಿಸುವವರು ವಿರಳ.

ತಾಯಿಯವರು ವಚನಗಳನ್ನೂ ಶೂನ್ಯಸಂಪಾದನೆಯನ್ನೂ ಮರಾಠಿಗೆ ಅನುವಾದಿಸಿದರು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಕರ್ನಾಟಕಕ್ಕೆ ಸೇರಲಿಲ್ಲ. ಗಡಿಯ ಆಚೆ ಉಳಿದ ಶರಣರ ಊರಿನಲ್ಲಿ ಎರಡೂ ಭಾಷೆಗಳಿಗೆ ಅವರು ಸೇತುವಾದರು.

೧೯೭೪ರಲ್ಲಿ ಮಂಡ್ಯದಲ್ಲಿ ಜರುಗಿದ ೪೮ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೧೯೧೫ರಿಂದ ಅಲ್ಲಿಯವರೆಗೆ ಆ ಪೀಠದಲ್ಲಿ ಮಹಿಳೆ ಕುಳಿತಿರಲಿಲ್ಲ. ಅವರ ನಂತರ ಮತ್ತೊಬ್ಬ ಮಹಿಳೆಗಾಗಿ ೨೬ ವರ್ಷ ಕಾಯಬೇಕಾಯಿತು: ೨೦೦೦ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ, ೨೦೦೩ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, ೨೦೧೦ರಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣ. ೨೦೨೪ರಲ್ಲಿ ಅದೇ ಮಂಡ್ಯದಲ್ಲಿ ೮೭ನೆಯ ಸಮ್ಮೇಳನ ನೆರವೇರಿದಾಗಲೂ ಎಣಿಕೆ ನಾಲ್ಕೇ ಆಗಿತ್ತು. ‘ಪ್ರಥಮ ಮಹಿಳಾ ಅಧ್ಯಕ್ಷೆ’ ಎಂಬ ಬಿರುದಿನಿಂದ ತಾಯಿಯವರ ಹೆಸರು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಉಳಿದಿದೆ. ಅವರು ನಿಜವಾಗಿ ಪ್ರವೇಶಿಸಿದ ಪುರುಷರ ಕ್ಷೇತ್ರ ಆ ವೇದಿಕೆಗಿಂತ ಹಳೆಯದು. ಅದನ್ನು ಅಳೆಯಲು ಪುರಾಣವನ್ನೇ ತೆರೆಯಬೇಕು.

ಕೊನೆಯ ವರ್ಷಗಳಲ್ಲಿ ಸೊನ್ನಲಿಗೆಯನ್ನು ಬಿಟ್ಟು ಬಸವಕಲ್ಯಾಣಕ್ಕೆ ಬಂದು ನೆಲೆಸಿದರು. ಅಲ್ಲಮಪ್ರಭುವಿನೊಡನೆ ಸಿದ್ಧರಾಮೇಶ್ವರರು ನಡೆದದ್ದೂ ಇದೇ ದಾರಿಯನ್ನು. ೧೯೮೬ರಲ್ಲಿ ತಾಯಿಯವರು ಲಿಂಗೈಕ್ಯರಾದರು.