ಜೋಗದ ಗುಂಡಿಯ ಎರಡು ಅಂಚುಗಳು

ಠಾಣೆಯ ನೌಪಾಡಾದಲ್ಲಿ ನೆಲಸಿರುವ ಕನ್ನಡ ಕುಟುಂಬಗಳಲ್ಲಿ ಮಳೆಗಾಲ ಸಮೀಪಿಸಿತೆಂದರೆ ಜೋಗಕ್ಕೆ ಹೋಗುವ ಮಾತು ಏಳುವುದುಂಟು. ರೈಲು ಯಾವುದು, ವಸತಿ ಎಲ್ಲಿ, ರಜೆ ಎಷ್ಟು ದಿನ ಎಂಬ ಪ್ರಶ್ನೆಗಳು ಮೊದಲು ಇತ್ಯರ್ಥವಾಗುತ್ತವೆ. ಯಾವ ದಂಡೆಯಿಂದ ನೋಡಬೇಕು, ಯಾವ ತಿಂಗಳಲ್ಲಿ ನೋಡಬೇಕು ಎಂಬೆರಡು ಪ್ರಶ್ನೆಗಳು ಮಾತ್ರ ಸಾಮಾನ್ಯವಾಗಿ ಏಳುವುದೇ ಇಲ್ಲ. ಶರಾವತಿಯ ಈ ಕಮರಿಯ ಇತಿಹಾಸವಾದರೋ ಬಹುಮಟ್ಟಿಗೆ ಆ ಎರಡು ಪ್ರಶ್ನೆಗಳ ಇತಿಹಾಸವೇ ಆಗಿದೆ.

ಮೊದಲು ಹೆಸರನ್ನು ವಿಚಾರಿಸಬಹುದು. ನಾಡಿನ ಜನ ಇದನ್ನು ‘ಜೋಗದ ಗುಂಡಿ’ ಎಂದರು. ಹೆಸರಿನಲ್ಲಿ ನಿಂತಿರುವುದು ಬೀಳುವ ನೀರಲ್ಲ, ನೀರು ಬೀಳುವ ಆಳ. ಇಂಗ್ಲಿಷರ ಕಾಗದಪತ್ರಗಳಲ್ಲಿ ಇದು ‘ಗೇರುಸೊಪ್ಪೆಯ ಜಲಪಾತ’ವಾಯಿತು. ಗೇರುಸೊಪ್ಪೆ ಇರುವುದು ಘಟ್ಟದ ಕೆಳಗೆ, ನದಿಯ ದಾರಿಯಲ್ಲಿ ಬಹಳ ಮುಂದೆ. ಕಡಲ ಕಡೆಯಿಂದ ಬಂದವನು ತಾನು ಕೊನೆಯದಾಗಿ ಕಂಡ ಊರಿನ ಹೆಸರನ್ನೇ ಜಲಪಾತಕ್ಕೆ ಇಟ್ಟನೆಂದು ಊಹಿಸುವುದು ತಪ್ಪಾಗಲಾರದು.

ಆ ಊರು ಅಂತಹ ಸಾಮಾನ್ಯ ಊರೂ ಆಗಿರಲಿಲ್ಲ. ನಗಿರೆಯ ಸಾಳುವ ಅರಸರ ರಾಜಧಾನಿ. ಪೋರ್ಚುಗೀಜರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ ಆಳಿದ ಸ್ಥಳ. ಚತುರ್ಮುಖ ಬಸದಿ ಅಲ್ಲಿ ಇಂದಿಗೂ ನಿಂತಿದೆ. ಮೆಣಸು ಘಟ್ಟದಿಂದ ಇಳಿದು ಗೇರುಸೊಪ್ಪೆಗೆ ಬರುತ್ತಿತ್ತು, ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ ಹೋಗುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಇದೇ ನದಿಯನ್ನು ಏರಿ, ಗೇರುಸೊಪ್ಪೆಯನ್ನು ಹಾಯ್ದು, ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದನು. ನದಿಯ ಚೆಲುವಿಗೆ ಮಾರುಹೋದ ಈತನ ಘಟ್ಟದ ದಾರಿ ಜೋಗದ ಅಂಚನ್ನು ಮುಟ್ಟಿದಂತೆ ಅವನ ಬರಹದಿಂದ ತೋರದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವ್ಯಾಪಾರದ ದಾರಿ ಕಮರಿಯನ್ನು ತಪ್ಪಿಸಿಕೊಂಡು ಹೋಗುತ್ತದೆಯೇ ಹೊರತು ಅದರ ಅಂಚನ್ನು ಅರಸಿಕೊಂಡು ಹೋಗುವುದಿಲ್ಲ. ಬರಿಯ ನೋಟಕ್ಕಾಗಿ ಅಂಚಿಗೆ ಬರುವ ರೂಢಿ ಬೆಳೆಯಬೇಕಾದರೆ ಅಲ್ಲಿ ತಂಗಲು ಒಂದು ಸೂರು ಬೇಕು.

ಆ ಸೂರನ್ನು ಕಟ್ಟಿದವರು ಆಂಗ್ಲರ ಕಾಲದ ಅಧಿಕಾರಿಗಳು. ಅದೂ ಒಂದಲ್ಲ, ಎರಡು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪೆನಿಯ ವಶಕ್ಕೆ ಬಂದು ಮದರಾಸಿಗೆ ಸೇರಿತು. ಘಟ್ಟದ ಮೇಲಿನ ಸಾಗರ ಸೀಮೆ ಮೈಸೂರಿನಲ್ಲಿ ಉಳಿಯಿತು. 1862ರಲ್ಲಿ ಉತ್ತರ ಕೆನರಾ ಮದರಾಸಿನಿಂದ ಮುಂಬಯಿ ಇಲಾಖೆಗೆ ವರ್ಗವಾಯಿತು. ಹೀಗೆ ಗುಂಡಿಯ ಉತ್ತರದ ಅಂಚು ಮುಂಬಯಿಯದು, ದಕ್ಷಿಣದ ಅಂಚು ಮೈಸೂರಿನದು ಎಂದಾಯಿತು. ಅಲ್ಲೊಂದು ಮುಂಬಯಿ ಬಂಗಲೆ, ಇಲ್ಲೊಂದು ಮೈಸೂರು ಬಂಗಲೆ. ಒಂದೇ ಜಲಪಾತ ಎರಡು ಸರಕಾರಗಳ ಗ್ಯಾಸೆಟಿಯರುಗಳಿಗೆ ವಸ್ತುವಾಯಿತು: 1877ರಲ್ಲಿ ಬಿ. ಎಲ್. ರೈಸರ ಮೈಸೂರು ಗ್ಯಾಸೆಟಿಯರು, 1883ರಲ್ಲಿ ಕ್ಯಾಂಬೆಲ್ಲರ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟ. ಎರಡೂ ಕಡೆ ಮಾತನಾಡುತ್ತಿದ್ದುದು ಕನ್ನಡವನ್ನೇ ಎಂಬುದು ಗಡಿ ಎಳೆದವರ ಲೆಕ್ಕಕ್ಕೆ ಬಂದಂತಿಲ್ಲ.

ಎರಡು ಅಂಚುಗಳ ನೋಟ ಒಂದೇ ಅಲ್ಲ. ಮೈಸೂರಿನ ಅಂಚಿನಲ್ಲಿ ನಿಂತರೆ ಬಂಡೆಯ ಗೋಡೆ ಎದುರಿಗೇ ಇದೆ. ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳೂ ಒಮ್ಮೆಗೇ ಕಾಣುತ್ತವೆ. ಭಾವಚಿತ್ರಗಳಲ್ಲಿ ನಾವು ನೋಡುವ ಜೋಗ ಇದು. ಮುಂಬಯಿಯ ಅಂಚಾದರೋ ರಾಜಾ ಧುಮುಕುವ ಮಗ್ಗುಲಿಗೇ ಇದೆ. ಅಲ್ಲಿ ಕಾಣುವುದು ಇದಿರಿನ ನೋಟವಲ್ಲ, ಕೆಳಗಿನ ನೋಟ. ಹಿಂದಿನ ಪ್ರವಾಸಿಗಳು ಚಾಚಿದ ಬಂಡೆಯ ಮೇಲೆ ಬೋರಲು ಮಲಗಿ ತಲೆಯನ್ನಷ್ಟೇ ಮುಂದೆ ಚಾಚಿ ಇಣುಕುತ್ತಿದ್ದರು. 1856ರಲ್ಲಿ ನೌಕಾದಳದ ಇಬ್ಬರು ಅಧಿಕಾರಿಗಳು ಈ ಆಳವನ್ನು ಸುಮಾರು 830 ಅಡಿ ಎಂದು ಅಳೆದರು. ಇಂದಿನ ಲೆಕ್ಕದ 253 ಮೀಟರಿಗೂ ಅದಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ. ‘ಗುಂಡಿ’ ಎಂಬ ಹೆಸರಿನ ಸತ್ಯ ತಿಳಿಯಬೇಕಾದರೆ ಮುಂಬಯಿಯ ಅಂಚಿಗೇ ಹೋಗಬೇಕು. (ಬೋರಲು ಮಲಗುವುದನ್ನು ಮಾತ್ರ ಅನುಕರಿಸಬಾರದು, ಪಾಚಿ ಕಟ್ಟಿದ ಬಂಡೆ ಯಾರ ಪಾಂಡಿತ್ಯವನ್ನೂ ಮನ್ನಿಸುವುದಿಲ್ಲ.)

ಇನ್ನು ತಿಂಗಳಿನ ಮಾತು. ಮುಂಬಯಿಯಿಂದ ಹೊರಟವರು ಆಗಬೋಟಿನಲ್ಲಿ ಹೊನ್ನಾವರಕ್ಕೆ ಬಂದು, ಭರತದ ಹೊತ್ತು ನೋಡಿ ದೋಣಿಯಲ್ಲಿ ಸುಮಾರು 18 ಮೈಲಿ ಏರಿ ಗೇರುಸೊಪ್ಪೆಯನ್ನು ಮುಟ್ಟಿ, ಮಾಲೆಮನೆ ಘಟ್ಟವನ್ನು ಹತ್ತುತ್ತಿದ್ದರು. ಆದರೆ ಮಳೆಗಾಲದಲ್ಲಿ ಕರಾವಳಿಯ ಆಗಬೋಟುಗಳು ಓಡುತ್ತಿರಲಿಲ್ಲ. ನದಿ ತುಂಬಿದಾಗ ದಾರಿ ಮುಚ್ಚಿರುತ್ತಿತ್ತು. ದಾರಿ ತೆರೆದಾಗ ನದಿ ಇಳಿಮುಖವಾಗಿರುತ್ತಿತ್ತು. ಇದನ್ನು ದುರ್ದೈವವೆನ್ನಲಾಗದು. ಆಷಾಢ ಶ್ರಾವಣಗಳಲ್ಲಿ ಗುಂಡಿ ಮಂಜಿನಿಂದ ತುಂಬಿಕೊಂಡು ಸದ್ದಲ್ಲದೆ ಮತ್ತೇನೂ ದೊರೆಯದ ದಿನಗಳೇ ಹೆಚ್ಚು. ಡಿಸೆಂಬರಿನ ಮೊದಲ ದಿನಗಳಲ್ಲಿ ಮಂಜು ಸರಿದು ನಾಲ್ಕು ಕವಲುಗಳೂ ಬೇರೆಬೇರೆಯಾಗಿ ಕಾಣುತ್ತಿದ್ದುವು. ಹಳೆಯ ಪ್ರವಾಸಿಗಳ ಜೋಗ ಇಂತಹ ಜೋಗ.

ಆ ಡಿಸೆಂಬರು ಈಗ ಇಲ್ಲ. 1939ರಲ್ಲಿ ಮೈಸೂರು ಸರಕಾರ ಇಲ್ಲಿ ವಿದ್ಯುತ್ ಯೋಜನೆಯನ್ನು ಕೈಗೊಂಡು ಹಿರೇಭಾಸ್ಕರದಲ್ಲಿ ಅಣೆಕಟ್ಟನ್ನು ಕಟ್ಟಿತು. ಕೃಷ್ಣರಾಜೇಂದ್ರರ ಹೆಸರಿನ ವಿದ್ಯುದಾಗಾರಕ್ಕೆ ಅನಂತರ ಮಹಾತ್ಮಾ ಗಾಂಧಿಯವರ ಹೆಸರು ಬಂತು. 1956ರ ನವೆಂಬರ್ 1ರಂದು ಉತ್ತರ ಕನ್ನಡ ವಿಶಾಲ ಮೈಸೂರಿಗೆ ಸೇರಿ, ಎರಡು ಅಂಚುಗಳೂ ಒಂದೇ ರಾಜ್ಯದವಾದುವು. ಎಂಟು ವರ್ಷ ಕಳೆಯುವಷ್ಟರಲ್ಲಿ, 1964ರಲ್ಲಿ, ಜಲಪಾತದಿಂದ ಸುಮಾರು 6 ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಂಚುಗಳು ಕೂಡಿಬಂದ ಹೊತ್ತಿಗೆ ನಡುವಿನ ನೀರು ಕೊಳವೆಗೆ ಹೋಯಿತು. ದಶಕಗಳ ಕಾಲ ರಾಜ್ಯದ ದೀಪಗಳು ಈ ನೀರಿನಿಂದ ಉರಿದುವೆಂಬುದನ್ನು ಮರೆತು ಜಲಪಾತಕ್ಕಾಗಿ ಮರುಗುವುದು ಸುಲಭ. ಮನೆ, ಅಡಿಕೆ ತೋಟ, ಗದ್ದೆಗಳು ಮುಳುಗಿ ಎಬ್ಬಿಸಲ್ಪಟ್ಟವರು, ಹೊಸ ನೆಲದ ಹಕ್ಕುಪತ್ರಕ್ಕಾಗಿ ತಲೆಮಾರುಗಟ್ಟಲೆ ಅಲೆದವರು, ಆ ಮರುಕಕ್ಕೆ ಹೆಚ್ಚು ಪಾತ್ರರು.

ಅಮೆರಿಕದಲ್ಲಿ ಮಕ್ಕಳಿರುವವರು ಕೊಲರಾಡೊ ನದಿಯ ಗ್ರ್ಯಾಂಡ್ ಕ್ಯಾನಿಯನ್ನನ್ನು ನೋಡಿ ಬಂದಿರಬಹುದು. ಅಲ್ಲಿಯೂ ಎರಡು ಅಂಚುಗಳು. ಹಕ್ಕಿಯ ದಾರಿಯಲ್ಲಿ ನಡುವಣ ಅಂತರ ಸುಮಾರು 10 ಮೈಲಿ, ರಸ್ತೆಯಲ್ಲಿ 200 ಮೈಲಿಗೂ ಹೆಚ್ಚು. ದಕ್ಷಿಣದ್ದು ವರ್ಷವಿಡೀ ತೆರೆದಿರುತ್ತದೆ, ಎತ್ತರದ ಉತ್ತರದ್ದು ಚಳಿಗಾಲದ ಹಿಮಕ್ಕೆ ಮುಚ್ಚುತ್ತದೆ. ಅಲ್ಲಿಯೂ ಕಮರಿಯ ಮೇಲುಭಾಗದಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ನೀರನ್ನು ತಡೆಯಲು ತೊಡಗಿದುದು 1963ರಲ್ಲಿ, ಲಿಂಗನಮಕ್ಕಿಗೆ ಒಂದು ವರ್ಷ ಮೊದಲು. ಆದರೆ ಅಲ್ಲಿ ನೋಡತಕ್ಕದ್ದು ಕಲ್ಲು. ಜೋಗಕ್ಕೆ ಹೋಗುವವರು ನೀರನ್ನೂ ಬಯಸುತ್ತಾರೆ.

ಈ ಹಿನ್ನೆಲೆಯಲ್ಲಿ ನೌಪಾಡಾದವರು ಪ್ರಯಾಣವನ್ನು ಗೊತ್ತುಮಾಡಬೇಕು. 1998ರಿಂದ ಕೊಂಕಣ ರೈಲು ಆಗಬೋಟಿನ ದಾರಿಯನ್ನು ಮಳೆಗಾಲದಲ್ಲಿಯೂ ತೆರೆದಿಟ್ಟಿದೆ. ಠಾಣೆಯಲ್ಲಿ ಹತ್ತಿ ಹೊನ್ನಾವರದಲ್ಲಿಯೋ ಕುಮಟಾದಲ್ಲಿಯೋ ಇಳಿದರೆ, ಹೊನ್ನಾವರದಿಂದ ಜೋಗ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್. ಗೇರುಸೊಪ್ಪೆಯ ಬಸದಿಗೆ ಅರ್ಧ ದಿನವನ್ನು ಕೊಡದೆ ಘಟ್ಟ ಹತ್ತುವುದು ಉಚಿತವಲ್ಲ. ಅಂಚುಗಳಿಗೆ ಎರಡು ದಿನ ಬೇಕು: ಮೊದಲು ಮುಂಬಯಿಯ ಅಂಚು, ಮಾರನೆಯ ದಿನ ಸೇತುವೆ ದಾಟಿ ಮೈಸೂರಿನದು, ಹೀಗೆ ಮಾಡಿದರೆ ಮೊದಲ ದಿನ ಮಂಜು ಕವಿದರೂ ಎರಡನೆಯದು ಉಳಿದಿರುತ್ತದೆ. ತಿಂಗಳನ್ನು ಪಂಚಾಂಗಕ್ಕಿಂತ ಜಲಾಶಯದ ಮಟ್ಟವನ್ನು ನೋಡಿ ಆರಿಸುವುದು ಲೇಸು. ಜಲಾಶಯ 1,819 ಅಡಿಯ ಪೂರ್ಣಮಟ್ಟಕ್ಕೆ ಸಮೀಪಿಸಿದಾಗಲೇ ಬಾಗಿಲುಗಳನ್ನು ತೆರೆಯುತ್ತಾರೆ. ಮಳೆ ಕಡಿಮೆಯಾದ ವರ್ಷ ತೆರೆಯುವುದೇ ಇಲ್ಲ. ಆಗ ಕಾಣುವುದು ಅಣೆಕಟ್ಟಿನ ಕೆಳಗಿನ ಆರು ಕಿಲೋಮೀಟರುಗಳಲ್ಲಿ ಸೇರಿದ ಹಳ್ಳಗಳ ನೀರು ಮಾತ್ರ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವ ತನಕ ಸಮಯವನ್ನು ಸಡಿಲವಾಗಿಟ್ಟುಕೊಂಡು, ಬಾಗಿಲು ತೆರೆದ ಸುದ್ದಿ ಬಂದೊಡನೆ ಹೊರಡುವವರಿಗೆ ಹೆಚ್ಚಿನ ಫಲ.

ಬೇಸಗೆಯ ರಜೆಯೊಂದೇ ಸಿಕ್ಕುವವರಿಗೆ ಇನ್ನೊಂದು ನೋಟವಿದೆ. ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿರುವ ಹಿರೇಭಾಸ್ಕರ ಅಣೆಕಟ್ಟು ನೀರು ತೀರ ಇಳಿದ ವರ್ಷಗಳ ಮೇ ತಿಂಗಳಲ್ಲಿ ಮೇಲೇಳುತ್ತದೆ. ಇಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸೈಫನ್ನುಗಳು ಆಗ ಬರಿಗಣ್ಣಿಗೆ ಕಾಣುತ್ತವೆ. ಆ ದಿನಗಳಲ್ಲಿ ಜೋಗದ ಅಂಚಿಗೆ ಹೋದರೆ ಗುಂಡಿಯ ಗೋಡೆ ಮೇಲಿನಿಂದ ಬುಡದವರೆಗೆ ಒಣಗಿ ನಿಂತಿರುತ್ತದೆ.