ನಿದ್ದೆಯರಿಯದ ಸೂಜಿಗಲ್ಲು

ಬೆನ್ನುನೋವಿನಿಂದ ನರಳುತ್ತಿದ್ದ ನಮ್ಮ ತಾಯಿಯವರಿಗೆ ವೈದ್ಯರು ಎಂ.ಆರ್.ಐ. ಚಿತ್ರ ತೆಗೆಸಲು ಹೇಳಿದರು. ಆಸ್ಪತ್ರೆಯಲ್ಲಿ ನನ್ನ ಕೈಗೊಂದು ಪ್ರಶ್ನಾವಳಿ ಬಂತು. ‘ಪ್ರಶ್ನೆಯನ್ನು ಓದಿ ಉತ್ತರಿಸಿ’ ಎಂದು ಇಪ್ಪತ್ತು ವರ್ಷಗಳಿಂದ ಹುಡುಗರಿಗೆ ಹೇಳುತ್ತ ಬಂದ ನಾನು, ಓದದೆಯೇ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಿಬಿಟ್ಟೆ. ಒಳಗೆ ಕರೆದೊಯ್ಯುವ ಮುನ್ನ ದಾದಿ, “ಅಮ್ಮಾ, ಮೈಯೊಳಗೆ ಏನಾದರೂ ಲೋಹ ಇಟ್ಟಿದ್ದಾರೆಯೇ?” ಎಂದು ಮತ್ತೊಮ್ಮೆ ಕೇಳಿದಳು. “ತೊಡೆ ಮುರಿದಾಗ ರಾಡು ಹಾಕಿದ್ದರಲ್ಲವೇನೋ?” ಎಂದು ತಾಯಿ ನನ್ನತ್ತ ನೋಡಿದರು. ಮನೆಯಿಂದ ಹಳೆಯ ಕಾಗದಗಳನ್ನು ತರಿಸಿ ತೋರಿಸಿದೆವು. ಅಪಾಯವಿಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ಕೆಲಸ ಮುಂದುವರಿಯಿತು. ಅಂದು ಪಟ್ಟ ನಾಚಿಕೆಯೇ ಈ ಯಂತ್ರದ ಚರಿತ್ರೆಯನ್ನು ನನ್ನಿಂದ ಓದಿಸಿತು.

1895ರಲ್ಲಿ ರಾಂಟ್‌ಜೆನ್ ಕಂಡ ಕ್ಷಕಿರಣ ಮೈಯನ್ನು ತೂರಿಕೊಂಡು ಹೋಗುವಂಥದು. ಎಂ.ಆರ್.ಐ.ನ ದಾರಿ ಬೇರೆ. ಬಲವಾದ ಕಾಂತಕ್ಷೇತ್ರದಲ್ಲಿಟ್ಟ ಪರಮಾಣುಬೀಜಗಳು ತಕ್ಕ ರೇಡಿಯೋ ಅಲೆ ತಾಕಿದರೆ ಮಾರುಲಿಯುತ್ತವೆ ಎಂಬುದನ್ನು 1946ರಲ್ಲಿ ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ಬೇರೆಬೇರೆಯಾಗಿ ತೋರಿಸಿದರು. 1952ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಬಹುಕಾಲ ಇದು ರಸಾಯನಶಾಸ್ತ್ರಜ್ಞರ ಉಪಕರಣವಾಗಿಯೇ ಉಳಿಯಿತು. ಗಂತಿಯ ಅಂಗಾಂಶ ಆರೋಗ್ಯದ ಅಂಗಾಂಶಕ್ಕಿಂತ ಬೇರೆಯಾಗಿ ಉತ್ತರ ಕೊಡುತ್ತದೆಂದು 1971ರಲ್ಲಿ ಡಮೇಡಿಯನ್ ಹೇಳಿದರು. ಆ ಉತ್ತರಗಳಿಂದ ಚಿತ್ರ ಬರೆಯುವ ಬಗೆಯನ್ನು 1973ರಲ್ಲಿ ಲಾಟರ್ಬರ್ ತೋರಿಸಿಕೊಟ್ಟರು. ಮೊದಲ ಚಿತ್ರ ನೀರು ತುಂಬಿದ ಎರಡು ಸಣ್ಣ ನಳಿಗೆಗಳದು. 1977ರಲ್ಲಿ ಡಮೇಡಿಯನ್‌ರ ಯಂತ್ರ ಮನುಷ್ಯನ ಎದೆಯ ಒಂದೇ ಚಿತ್ರಕ್ಕೆ ಸುಮಾರು ಐದು ಗಂಟೆ ತೆಗೆದುಕೊಂಡಿತು. ಮರುವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್, ಅಪಾಯದ ಶಂಕೆಯಿದ್ದರೂ, ಇನ್ನೊಬ್ಬರನ್ನು ಕಳುಹಿಸದೆ ತಾವೇ ಯಂತ್ರದೊಳಗೆ ಹೊಕ್ಕರು. 2003ರ ನೊಬೆಲ್ ಲಾಟರ್ಬರ್, ಮ್ಯಾನ್ಸ್‌ಫೀಲ್ಡ್ ಇಬ್ಬರಿಗೆ ಸಂದಿತು. ಬಿಟ್ಟುಹೋದ ಡಮೇಡಿಯನ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಪ್ರತಿಭಟಿಸಿದರು.

ಮೊದಲು ಇದರ ಹೆಸರಿನಲ್ಲಿ ‘ನ್ಯೂಕ್ಲಿಯರ್’ ಎಂಬ ಮಾತೂ ಇತ್ತು. ರೋಗಿಗಳಿಗೆ ಅಣುಬಾಂಬಿನ ನೆನಪಾಗಿ ಅಂಜಿಕೆಯಾದೀತೆಂದು ಅದನ್ನು ಕೈಬಿಟ್ಟರು. ಆ ಅಂಜಿಕೆ ಸಲ್ಲದು. ಇಲ್ಲಿ ಮಾರುಲಿಯುವುದು ಬಹುಮಟ್ಟಿಗೆ ನಮ್ಮ ಮೈಯ ನೀರು, ಕೊಬ್ಬುಗಳಲ್ಲಿರುವ ಜಲಜನಕವೇ. ಕ್ಷಕಿರಣದ ಸೋಂಕೂ ಇಲ್ಲ.

ಅಂಜಬೇಕಾದದ್ದು ಸೂಜಿಗಲ್ಲಿಗೆ. ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ಬಲ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಮ್ಮಿನಲ್ಲಿ ಮುಳುಗಿದ ಸುರುಳಿಯಲ್ಲಿ ವಿದ್ಯುತ್ತು ತಡೆಯಿಲ್ಲದೆ ಸುತ್ತುತ್ತಲೇ ಇರುತ್ತದೆ. ಚಿತ್ರ ತೆಗೆಯದ ಹೊತ್ತಿನಲ್ಲೂ, ರಾತ್ರಿಯಲ್ಲೂ ಸೂಜಿಗಲ್ಲಿಗೆ ನಿದ್ದೆಯಿಲ್ಲ. 2001ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆಮ್ಲಜನಕದ ಸಿಲಿಂಡರು ಹಾರಿಬಂದು, ಯಂತ್ರದಲ್ಲಿ ಮಲಗಿದ್ದ ಆರು ವರ್ಷದ ಬಾಲಕ ಸತ್ತ. 2018ರಲ್ಲಿ ಮುಂಬಯಿಯಲ್ಲಿ ರೋಗಿಯ ಬಂಧುವೊಬ್ಬ ಅಂಥದೇ ಸಿಲಿಂಡರು ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡ.

ಆದ್ದರಿಂದ ಕೇಳಿದ್ದಕ್ಕೆ ಉತ್ತರಿಸುವುದಷ್ಟೇ ಅಲ್ಲ, ಕೇಳದಿದ್ದರೂ ಹೇಳಬೇಕು: ಎದೆಯ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು, ಕಿವಿಯೊಳಗಿನ ಯಂತ್ರ, ಲೇತ್ ಕೆಲಸ ಮಾಡಿದವರ ಕಣ್ಣಿನಲ್ಲಿ ಉಳಿದಿರಬಹುದಾದ ಕಬ್ಬಿಣದ ಚೂರು, ಬಸಿರು. ಎಂ.ಆರ್.ಐ.ಗೆ ಹೊಂದುವ ಪೇಸ್‌ಮೇಕರಿಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಆದರೆ ಮೈಯಲ್ಲಿರುವುದು ಯಾವ ಬಗೆಯದೆಂದು ಅದರ ಕಾರ್ಡೇ ಹೇಳಬೇಕು. ಚಿತ್ರ ಸ್ಪಷ್ಟವಾಗಲೆಂದು ಕೆಲವೊಮ್ಮೆ ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಡುತ್ತಾರೆ. ಮೂತ್ರಪಿಂಡ ತೀರ ಕೆಟ್ಟವರಿಗೆ ಅದರ ಕೆಲವು ಬಗೆಗಳಿಂದ ಚರ್ಮ ಬಿಗಿದುಕೊಳ್ಳುವ ವ್ಯಾಧಿ ಬರಬಹುದೆಂದು 2006ರಲ್ಲಿ ತಿಳಿದುಬಂತು; ಅದನ್ನೂ ಮುಚ್ಚಿಡಬಾರದು. ಒಳಗಿನ ಬಡಿತದ ಸದ್ದು ಸುರುಳಿಗಳ ಅದಿರಾಟ, ಯಂತ್ರ ಕೆಟ್ಟಿತೆಂದಲ್ಲ. ಇಕ್ಕಟ್ಟಿಗೆ ಹೆದರುವವರು ಮೊದಲೇ ಹೇಳಿದರೆ ಉಪಾಯಗಳುಂಟು.

ತಾಯಿಗೆ ಕಷ್ಟವಾದದ್ದು ಮಾಂಗಲ್ಯ ತೆಗೆಯುವುದು. ಚಿನ್ನವನ್ನು ಸೂಜಿಗಲ್ಲು ಎಳೆಯದಾದರೂ ರೇಡಿಯೋ ಅಲೆಗೆ ಲೋಹ ಕಾಯಬಹುದು, ಚಿತ್ರ ಕೆಡಬಹುದು. ಕೊನೆಗೆ ತಂಗಿ ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿದ ಮೇಲೆ ಒಪ್ಪಿದರು. ಹೊರಗೆ ಬಂದವರು ನನಗೆ ಹೇಳಿದ್ದು ಒಂದೇ ಮಾತು: “ಇನ್ನೊಂದು ಸಲ ಬಂದರೆ ಓದಿ ಸಹಿ ಹಾಕಪ್ಪ.”