ಸ್ಥೌಲ್ಯಚಿಕಿತ್ಸೆಯೂ ಸೂಜಿಮದ್ದೂ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ 21ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಶರೀರದ ಕಾರಣದಿಂದ ಲೋಕದ ನಿಂದೆಗೆ ಗುರಿಯಾಗುವ ಎಂಟು ಬಗೆಯ ಮನುಷ್ಯರನ್ನು ಅಲ್ಲಿ ಎಣಿಸಿ, ಅವರಲ್ಲಿ ಅತಿಸ್ಥೂಲ, ಅತಿಕೃಶ ಎಂಬಿಬ್ಬರನ್ನು ಮಾತ್ರ ವಿಸ್ತಾರವಾದ ವಿಚಾರಕ್ಕೆ ತೆಗೆದುಕೊಂಡಿದೆ. ಈಚೆಗೆ ಸ್ಥೌಲ್ಯಕ್ಕೆಂದು ವಾರಕ್ಕೊಂದಾವರ್ತಿ ಚುಚ್ಚಿಕೊಳ್ಳುವ ಸೂಜಿಮದ್ದು ನಮ್ಮ ದೇಶಕ್ಕೂ ಬಂದಿರುವುದರಿಂದ, ಇದೆಲ್ಲವೂ ನಮ್ಮ ಶಾಸ್ತ್ರದಲ್ಲಿ ಮೊದಲೇ ಉಂಟೆಂದು ಕೆಲವರೂ, ಬಾಯಿ ಕಟ್ಟಲಾರದ ಸೋಮಾರಿಗಳ ಉಪಾಯವಿದೆಂದು ಕೆಲವರೂ ಹೇಳುತ್ತಿರುವರು. ಈ ಎರಡು ಮಾತುಗಳೂ ಇತಿಹಾಸದ ಮುಂದೆ ನಿಲ್ಲುವುವೇ ಎಂಬುದನ್ನು ಪರೀಕ್ಷಿಸಬೇಕಾಗಿದೆ.

ಮೊದಲು ಎರಡನೆಯ ಮಾತು. ಸ್ಥೌಲ್ಯದ ಕಾರಣಗಳನ್ನು ಹೇಳುವಲ್ಲಿ ಚರಕಾಚಾರ್ಯರು ಅತಿಭೋಜನ, ಗುರು ಮಧುರ ಶೀತ ಸ್ನಿಗ್ಧ ದ್ರವ್ಯಗಳ ಸೇವನೆ, ವ್ಯಾಯಾಮವಿಲ್ಲದಿರುವಿಕೆ, ಹಗಲು ನಿದ್ರೆ, ಚಿಂತೆಯಿಲ್ಲದಿರುವಿಕೆ ಮೊದಲಾದುವನ್ನು ಎಣಿಸಿ, ಕಡೆಯಲ್ಲಿ ಬೀಜಸ್ವಭಾವವನ್ನೂ ಸೇರಿಸಿರುವರು. ತಂದೆತಾಯಿಗಳಿಂದ ಬಂದುದಕ್ಕೆ ಮಗನನ್ನು ನಿಂದಿಸುವುದು ಹೇಗೆ? ಇದಕ್ಕಿಂತಲೂ ಗಮನಾರ್ಹವಾದುದು ಅವರು ಹೇಳುವ ಸಂಪ್ರಾಪ್ತಿ. ಬೆಳೆದ ಮೇದಸ್ಸು ಸ್ರೋತಸ್ಸುಗಳನ್ನು ಮುಚ್ಚುವುದು. ಹೊರದಾರಿ ತಪ್ಪಿದ ವಾಯುವು ಕೋಷ್ಠದಲ್ಲಿಯೇ ಸಂಚರಿಸುತ್ತ ಜಠರಾಗ್ನಿಯನ್ನು ಉರಿಸುವುದು. ಅದರಿಂದ ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವಾಗುವುದು. ಅತಿಸ್ಥೂಲನ ಎಂಟು ದೋಷಗಳಲ್ಲಿ ಅತಿಯಾದ ಹಸಿವೂ ಒಂದು. ಎಂದರೆ, ಹಸಿವು ರೋಗಕ್ಕೆ ಕಾರಣವಾಗುವಂತೆಯೇ ರೋಗದ ಫಲವೂ ಆಗಿರುವುದು. ಅಧ್ಯಾಯದ ಹೆಸರಿನಲ್ಲಿ ನಿಂದೆಯಿದ್ದರೂ ಅಧ್ಯಾಯದೊಳಗಿರುವುದು ನಿದಾನವೇ ಹೊರತು ನಿಂದೆಯಲ್ಲ. ನಮ್ಮ ಪಾಠಶಾಲೆಗಳಲ್ಲಿ ಈ ಭಾಗವನ್ನು ಕಂಠಪಾಠ ಮಾಡಿದವರು ಅನೇಕರಿದ್ದರೂ ಈ ಅಂಶವನ್ನು ಎತ್ತಿ ಹೇಳಿದವರು ವಿರಳ.

ಚಿಕಿತ್ಸೆಯ ಸೂತ್ರವೂ ಈ ನಿದಾನದಿಂದಲೇ ಹುಟ್ಟಿದುದು. ಸ್ಥೂಲನಿಗೆ ಕೊಡುವ ಆಹಾರವು ಗುರುವಾಗಿಯೂ ಅತರ್ಪಣವಾಗಿಯೂ ಇರಬೇಕು; ಅಗ್ನಿಗೆ ಕೆಲಸವಿರಬೇಕು, ದೇಹಕ್ಕೆ ಪುಷ್ಟಿಯಾಗಬಾರದು. ಜೇನುನೀರು, ಯವ, ತ್ರಿಫಲೆ, ಗುಗ್ಗುಲು, ಶಿಲಾಜತು, ರೂಕ್ಷವಾದ ಉದ್ವರ್ತನ ಇವೇ ಮೊದಲಾದುವು ವಿಹಿತವಾಗಿವೆ. ಸುಶ್ರುತರು ಸ್ಥೌಲ್ಯಕಾರ್ಶ್ಯಗಳೆರಡಕ್ಕೂ ರಸಧಾತುವೇ ನಿಮಿತ್ತವೆನ್ನುವರು. ಇವರಲ್ಲಿ ಯಾರೂ ಚರ್ಮದಡಿಗೆ ಮದ್ದನ್ನು ಸೂಜಿಯಿಂದ ಹೊಗಿಸುವ ಮಾತನ್ನೇ ಆಡಿಲ್ಲ. ಆದುದರಿಂದ ಮೊದಲನೆಯ ಮಾತೂ ನಿಲ್ಲಲಾರದು.

ಪಶ್ಚಿಮದಲ್ಲಿ 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗನು ಸಕ್ಕರೆ, ಪಿಷ್ಟಗಳನ್ನು ಬಿಟ್ಟು ತಾನು ಇಳಿದ ಬಗೆಯನ್ನು ಪುಸ್ತಿಕೆಯಾಗಿ ಅಚ್ಚುಹಾಕಿಸಿದನು. ಮುಂದೆ ಔಷಧಗಳ ಸರದಿ. ಅದೊಂದು ದುಃಖದ ಕಥೆ. 1933ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡಿನ ವೈದ್ಯರು ಪ್ರಚಾರಕ್ಕೆ ತಂದ ಡೈನೈಟ್ರೊಫಿನಾಲ್ ಎಂಬುದು ದೇಹದ ಇಂಧನವನ್ನು ಬರಿಯ ಶಾಖವಾಗಿ ಉರಿಸುತ್ತಿದ್ದಿತು. ತೂಕವೇನೋ ಇಳಿಯಿತು, ಆದರೆ ಕೆಲವರಿಗೆ ಕಣ್ಣಿನ ಪೊರೆ ಬಂದಿತು, ಕೆಲವರು ತಾಪವೇರಿ ಸತ್ತರು. 1938ರ ಕಾನೂನಿನ ತರುವಾಯ ಅದು ನಿಂತಿತು. ಫೆನ್‌ಫ್ಲೂರಮೀನ್ ಹೃದಯದ ಕವಾಟಗಳನ್ನು ಕೆಡಿಸಿ 1997ರಲ್ಲಿಯೂ, ಸಿಬುಟ್ರಮೀನ್ 2010ರಲ್ಲಿಯೂ ಅಮೆರಿಕೆಯ ಮಾರುಕಟ್ಟೆಯಿಂದ ಹಿಂದೆ ಸರಿದುವು. ಹೊಸ ಮದ್ದೆಂದೊಡನೆ ಬಲ್ಲವರು ಹುಬ್ಬು ಗಂಟಿಕ್ಕುವುದಕ್ಕೆ ಕಾರಣವಿಲ್ಲದಿಲ್ಲ.

ಈಗಿನ ಸೂಜಿಮದ್ದಿನ ವಂಶವೇ ಬೇರೆ. 1902ರಲ್ಲಿ ಲಂಡನ್ನಿನ ಬೇಲಿಸ್, ಸ್ಟಾರ್ಲಿಂಗ್ ಎಂಬಿಬ್ಬರು ಕರುಳು ರಕ್ತದ ಮೂಲಕ ಮೇದೋಜೀರಕ ಗ್ರಂಥಿಗೆ ಸಂದೇಶವನ್ನು ಕಳುಹಿಸುವುದೆಂದು ತೋರಿಸಿಕೊಟ್ಟರು. 1905ರಲ್ಲಿ ಸ್ಟಾರ್ಲಿಂಗನು ಇಂತಹ ದ್ರವ್ಯಗಳಿಗೆ ಹಾರ್ಮೋನೆಂಬ ಹೆಸರನ್ನು ಬಳಕೆಗೆ ತಂದನು. 1980ರ ದಶಕದಲ್ಲಿ ಗ್ಲುಕಗಾನಿನ ಜೀನನ್ನು ಓದಿದಾಗ ಅದರೊಳಗೆ ಇನ್ನೊಂದು ಪೆಪ್ಟೈಡು ಅಡಗಿರುವುದು ಕಂಡುಬಂದಿತು; ಅದೇ ಜಿ.ಎಲ್.ಪಿ.-1. ಅದರ ಕೆಲಸಮಾಡುವ ತುಂಡು ಯಾವುದೆಂದು ಬಾಸ್ಟನ್ನಿನಲ್ಲಿ ಜೋಯೆಲ್ ಹೇಬನರನೂ ಸ್ವೆಟ್ಲಾನಾ ಮೊಯ್ಸೋವ್ ಎಂಬ ವಿದುಷಿಯೂ, ಡೆನ್ಮಾರ್ಕಿನಲ್ಲಿ ಹೋಲ್ಸ್ಟನೂ 1987ರ ಸುಮಾರಿಗೆ ನಿರ್ಣಯಿಸಿದರು. ಆ ವಿದುಷಿಯ ಹೆಸರು ಮೊದಲ ಪೇಟೆಂಟುಗಳಲ್ಲಿ ಬಿಟ್ಟುಹೋಗಿ, ಆಕೆಯು ಹೋರಾಡಿ ಸೇರಿಸಿಕೊಳ್ಳಬೇಕಾಯಿತು. ಗ್ರಂಥಕರ್ತೃಗಳ ಹೆಸರುಗಳು ಅಳಿದುಹೋಗುವ ಬಗೆಯನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. 2024ರ ಲಾಸ್ಕರ್ ಪ್ರಶಸ್ತಿಯು ಹೇಬನರ್, ಮೊಯ್ಸೋವ್, ಕ್ನುಡ್ಸನ್ ಎಂಬ ಮೂವರಿಗೂ ಸಂದಿತು.

ಈ ಪೆಪ್ಟೈಡು ಇನ್ಸುಲಿನ್ನನ್ನು ಸುರಿಸುವುದು, ಜಠರವು ಬರಿದಾಗುವುದನ್ನು ತಡೆದು ನಿಧಾನಗೊಳಿಸುವುದು, ಮೆದುಳಿಗೆ ತೃಪ್ತಿಯನ್ನು ತಿಳಿಸುವುದು. ನುಂಗಿದರೆ ಜೀರ್ಣವಾಗಿ ಹೋಗುವುದರಿಂದ ಮೊದಲು ಸೂಜಿಯೇ ಗತಿಯಾಗಿದ್ದಿತು. ರಕ್ತದಲ್ಲಿಯಾದರೋ ಕೆಲವು ನಿಮಿಷಗಳಿಗಿಂತ ಹೆಚ್ಚು ನಿಲ್ಲದು. ಈ ತೊಡಕನ್ನು ಬಿಡಿಸುವುದಕ್ಕೆ ಒಂದು ವಿಷಜಂತುವೇ ದಾರಿಯಾಯಿತು. ಅಮೆರಿಕೆಯ ನೈಋತ್ಯದ ಮರುಭೂಮಿಯಲ್ಲಿರುವ ಹೀಲಾ ಎಂಬ ಹಲ್ಲಿಯ ವಿಷದಲ್ಲಿ ಇದನ್ನು ಹೋಲುವ, ಆದರೆ ಬೇಗ ನಾಶವಾಗದ ಪೆಪ್ಟೈಡನ್ನು ಜಾನ್ ಎಂಗ್ ಎಂಬ ವೈದ್ಯನು ಕಂಡು 1992ರಲ್ಲಿ ಪ್ರಕಟಿಸಿದನು. 2005ರಲ್ಲಿ ಅದು ಮಧುಮೇಹಕ್ಕೆ ಔಷಧವಾಯಿತು. ವಿಷವು ಮದ್ದಾಗುವುದು ನಮಗೆ ಹೊಸದಲ್ಲ. ಚರಕಾಚಾರ್ಯರು ಚಿಕಿತ್ಸಾಸ್ಥಾನದ 13ನೆಯ ಅಧ್ಯಾಯದಲ್ಲಿ, ಕೈಬಿಟ್ಟ ಉದರರೋಗಿಗೆ ಹಾವು ಕಚ್ಚಿದ ಹಣ್ಣನ್ನು ಕೊಡುವ ವಿಧಿಯನ್ನು ಹೇಳಿ, ಅದಕ್ಕೆ ಮುಂಚೆ ಬಂಧುಗಳಿಗೆಲ್ಲ ಸಂಶಯವನ್ನು ಮುಚ್ಚಿಡದೆ ತಿಳಿಸಿ ಒಪ್ಪಿಗೆ ಪಡೆಯಬೇಕೆನ್ನುವರು. ಆದರೆ ಉದರವು ಬೇರೆ, ಸ್ಥೌಲ್ಯವು ಬೇರೆ. ಇವೆರಡನ್ನೂ ಬೆರಸುವುದು ಶಾಸ್ತ್ರಾಭಿಮಾನವಲ್ಲ, ಶಾಸ್ತ್ರಾಜ್ಞಾನ. ಕನ್ನಡದಲ್ಲಿ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯಕ್ಕೆ ಮೀಸಲಾದ ದೊಡ್ಡ ಗ್ರಂಥವೇ ಆದರೂ ಅದರ ಉದ್ದೇಶ ವಿಷವನ್ನು ಪರಿಹರಿಸುವುದು.

ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್ ಸಂಸ್ಥೆಯಲ್ಲಿ ಕ್ನುಡ್ಸನ್ ಎಂಬ ವಿದುಷಿಯ ಗುಂಪು ಪೆಪ್ಟೈಡಿಗೆ ಕೊಬ್ಬಿನ ಆಮ್ಲವೊಂದನ್ನು ಕೂಡಿಸಿ, ಅದು ರಕ್ತದ ಆಲ್ಬುಮಿನ್ನಿಗೆ ಅಂಟಿಕೊಂಡಿರುವಂತೆ ಮಾಡಿತು. ದಿನಕ್ಕೊಮ್ಮೆಯ ಲಿರಗ್ಲುಟೈಡ್ 2014ರಲ್ಲಿ ಅಮೆರಿಕೆಯಲ್ಲಿ ಸ್ಥೌಲ್ಯಕ್ಕೆ ಅನುಮತಿ ಪಡೆಯಿತು. ವಾರಕ್ಕೊಮ್ಮೆಯ ಸೆಮಗ್ಲುಟೈಡ್ 2021ರಲ್ಲಿ, ಎರಡು ಹಾರ್ಮೋನುಗಳನ್ನು ಅನುಕರಿಸುವ ಟರ್ಜೆಪಟೈಡ್ 2023ರಲ್ಲಿ. 1,961 ಮಂದಿಯ ಪರೀಕ್ಷೆಯಲ್ಲಿ 68 ವಾರಗಳಿಗೆ ಸೆಮಗ್ಲುಟೈಡಿನವರ ತೂಕ ಸರಾಸರಿ ಶೇಕಡ 14.9ರಷ್ಟೂ, ಹುಸಿಮದ್ದಿನವರದು ಶೇಕಡ 2.4ರಷ್ಟೂ ಇಳಿಯಿತು. ಎರಡು ಗುಂಪಿಗೂ ಪಥ್ಯವ್ಯಾಯಾಮಗಳ ಉಪದೇಶ ಸಮಾನವಾಗಿದ್ದಿತು. ಸಂಕಲ್ಪಬಲವೇ ಎಲ್ಲವೆನ್ನುವವರು ಈ ಅಂತರಕ್ಕೆ ಉತ್ತರವನ್ನು ಕೊಡಬೇಕು. ವಾಕರಿಕೆ, ವಾಂತಿ, ಮಲಬದ್ಧತೆಗಳು ಸಾಮಾನ್ಯ; ಪಿತ್ತಕೋಶದ ಕಲ್ಲು ಉಂಟಾಗಬಹುದು; ಕೊಬ್ಬಿನೊಡನೆ ಮಾಂಸವೂ ಕ್ಷಯಿಸುವುದು. ವೈದ್ಯನ ಚೀಟಿಯಿಲ್ಲದೆ ಕೊಡತಕ್ಕ ಮದ್ದಲ್ಲ.

ಮದ್ದನ್ನು ಬಿಟ್ಟವರ ಗತಿ? ಮೇಲಿನ ಪರೀಕ್ಷೆಯಲ್ಲಿದ್ದವರಲ್ಲಿ ಕೆಲವರನ್ನು ಮತ್ತೊಂದು ವರ್ಷ ಅನುಸರಿಸಿ ನೋಡಿದಾಗ, ಇಳಿದಿದ್ದ ತೂಕದ ಮೂರರಲ್ಲೆರಡು ಪಾಲು ಹಿಂದಿರುಗಿದ್ದಿತು. ನಮ್ಮ ಶಾಸ್ತ್ರದಲ್ಲಿ ಇಂತಹ ವ್ಯಾಧಿಗೆ ಯಾಪ್ಯವೆಂದು ಹೆಸರು: ಚಿಕಿತ್ಸೆಯಿರುವ ತನಕ ಅಡಗಿರುವುದು, ನಿಂತೊಡನೆ ತಲೆಯೆತ್ತುವುದು. ಬೀಳುವ ಮನೆಗೆ ಕೊಟ್ಟ ಆನಿಕೆಯ ಕಂಬಕ್ಕೆ ಸುಶ್ರುತರು ಇದನ್ನು ಹೋಲಿಸಿರುವರು. ಭಾರತದಲ್ಲಿ ಟರ್ಜೆಪಟೈಡ್ 2025ರ ಮಾರ್ಚಿಯಲ್ಲಿಯೂ, ಸ್ಥೌಲ್ಯದ ಸೆಮಗ್ಲುಟೈಡ್ ಅದೇ ವರ್ಷದ ಜೂನಿನಲ್ಲಿಯೂ ಮಾರಾಟಕ್ಕೆ ಬಂದುವು. ಕಂಬವನ್ನು ಎಷ್ಟು ವರ್ಷ ನಿಲ್ಲಿಸಬೇಕು, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬುದನ್ನು ಇಲ್ಲಿಯ ವೈದ್ಯರೂ ಸರ್ಕಾರವೂ ಇನ್ನು ನಿರ್ಣಯಿಸಬೇಕಾಗಿದೆ.